ಪಕ್ಕದ ಮನೆಯ ಹೊಗೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸು ನಮ್ಮೂರಲ್ಲಿ ಐದು ನಿಮಿಷ ನಿಲ್ಲುತ್ತದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಪುರಸಭೆಯ ಮೆಟ್ಟಿಲು ಹತ್ತುವುದು ನನಗೇ ಕಷ್ಟ. ನಾನು ಕೆಂಪರಾಜು, ಅಲ್ಲೇ ಇಪ್ಪತ್ತೆರಡು ವರ್ಷದಿಂದ ಬಿಲ್ ಕಲೆಕ್ಟರ್. ಆದರೆ ಇದು ನನ್ನ ಕಥೆಯಲ್ಲ, ಪಕ್ಕದ ಮೇಜಿನ ನಾಜಿಮಾಳದ್ದು. ಅವಳ ಮನೆಯೂ ನನ್ನ ಮನೆಯ ಪಕ್ಕದ್ದೇ, ನಡುವೆ ಎದೆಮಟ್ಟದ ಒಂದು ಗೋಡೆ. ಅವಳಪ್ಪ ಅಕ್ರಂ ಪಾಷಾ ಮನೆಯ ಮುಂದೆಯೇ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾರೆ.

ನಾಜಿಮಾ ಗುತ್ತಿಗೆ ಮೇಲಿರುವ ಕಂಪ್ಯೂಟರ್ ಆಪರೇಟರ್. ಪ್ರತಿ ಮಾರ್ಚಿನಲ್ಲೂ ಅವಳ ಕೆಲಸ ಉಳಿಯುವುದು ಮುಖ್ಯಾಧಿಕಾರಿಗಳ ಒಂದು ಸಹಿಯ ಮೇಲೆ. ಹೋದ ವರ್ಷ ದಸರಾ ಕಳೆದ ಮೇಲೆ ಮೇಲಿನಿಂದ ಒಂದು ಆದೇಶ ಬಂತು. ನಿಮ್ಮ ಊರು ವರ್ಷಕ್ಕೆ ಎಷ್ಟು ಹೊಗೆ ಬಿಡುತ್ತದೆ, ಯಾರ ಮನೆಯಿಂದ, ಏನು ಸುಟ್ಟು, ಎಲ್ಲ ಲೆಕ್ಕ ಕೊಡಿ, ಅದನ್ನು ನೋಡಿ ಹವಾಮಾನದ ಯೋಜನೆ ಮಾಡುತ್ತೇವೆ ಎಂದು. ನಮ್ಮ ಮುಖ್ಯಾಧಿಕಾರಿ ಜಯಪ್ರಕಾಶ್ ಸಾಹೇಬರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಾಜಿಮಾಳ ಮೇಜಿಗೆ ದಾಟಿಸಿದರು.

"ಲೆಕ್ಕ ಒಪ್ಪಿದ್ರೆ ಮುಂದಿನ ವರ್ಷಾನೂ ನೀನೇ ಇರ್ತೀಯ ಕಣಮ್ಮ. ತಿರಸ್ಕಾರ ಆದ್ರೆ ನನ್ ಕೈಲಿ ಏನೂ ಇಲ್ಲ" ಅಂದರು.

ಅವಳು ಫಾರಂ ಕಟ್ಟು ಹಿಡಿದು ಬೀದಿ ಬೀದಿ ಸುತ್ತಿದಳು. ನಮ್ಮ ಸೀಮೆಯಲ್ಲಿ ಸರ್ಕಾರದವರು ಪೆನ್ನು ಹಿಡಿದು ಬಂದು "ನಿಮ್ಮದು ಎಷ್ಟು" ಅಂತ ಕೇಳಿದರೆ ಅದಕ್ಕೆ ಇರುವುದು ಒಂದೇ ಅರ್ಥ, ಪರಿಹಾರ. ಕಡಿಮೆ ಬರೆಸಿದವನು ದಡ್ಡ. ಊರಾಚೆ ಆಲೆಮನೆ ನಡೆಸುವ ಕರಿಯಪ್ಪನಿಗಿರುವುದು ಒಂದೇ ಕೊಪ್ಪರಿಗೆ. ಅವನು ಹೇಳಿದ್ದು, "ಬರ್ಕೊಳವ್ವ, ದಿನಕ್ಕೆ ಇಪ್ಪತ್ತು ಗಾಡಿ ಅರೆದ ಕಬ್ಬಿನ ರಚ್ಚು ಉರೀತದೆ. ಒಗೆ ಕುಡ್ದು ನಮ್ ಎಮ್ಮೆ ಕೆಮ್ತದೆ ಅಂತ್ಲೂ ಸೇರ್ಸು." ಎರಡು ಬೆಂಚಿನ ಹೋಟೆಲಿನವನು ದಿನಕ್ಕೆ ಎಂಟು ಸಿಲಿಂಡರ್ ಬರೆಸಿದ. ನಾಜಿಮಾ ಪಾಪ, ಹೇಳಿದ್ದನ್ನೆಲ್ಲ ಬರೆದಳು. ಲೆಕ್ಕ ಕಳಿಸಿದ ಮೂರನೇ ದಿನಕ್ಕೆ ಮೇಲಿನವರು ಫೋನ್ ಮಾಡಿ, "ನಿಮ್ಮೂರಲ್ಲಿ ಉಕ್ಕಿನ ಕಾರ್ಖಾನೆ ಏನಾದರೂ ಇದೆಯಾ?" ಎಂದು ಕೇಳಿದರು.

ಕಾಗದ ವಾಪಸ್ ಬಂತು. ಅಷ್ಟರಲ್ಲಿ ಟೀ ಅಂಗಡಿಯಲ್ಲಿ ಯಾರೋ ಪುಣ್ಯಾತ್ಮ ಇದು ಪರಿಹಾರವಲ್ಲ, ದಂಡ ಎಂದು ಹಬ್ಬಿಸಿದ್ದ. ಎರಡನೇ ಸಲ ಹೋದಾಗ ಊರಲ್ಲಿ ಒಲೆಯೇ ಉರಿಯುತ್ತಿರಲಿಲ್ಲ.

"ಆಲೆಮನೆ ನಿಂತು ಮೂರ್ ವರ್ಸ ಆಯ್ತು ಕಣವ್ವ" ಅಂದ ಕರಿಯಪ್ಪ. ಅವನ ಬೆನ್ನ ಹಿಂದೆ ಕೊಪ್ಪರಿಗೆ ಕೊತಕೊತ ಕುದಿಯುತ್ತಿತ್ತು. ಮನೆಗೆ ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಬಾಳೆ ಎಲೆಯ ಮೇಲೆ ಬಿಸಿ ಬೆಲ್ಲ ಬೇರೆ ಕೊಟ್ಟ. ಇದು ಎಲ್ಲಿಂದ ಬಂತು ಎಂದು ಇವಳು ಕೇಳಿದ್ದಕ್ಕೆ, "ನೆಂಟ್ರು ತಂದ್ಕೊಟ್ರು" ಅಂದ.

ಎರಡನೇ ಲೆಕ್ಕವೂ ವಾಪಸ್ ಬಂತು, ಇದೇ ಕೊನೆಯ ಅವಕಾಶ ಎಂಬ ಷರಾ ಸಮೇತ. ಅವತ್ತು ನಾಜಿಮಾ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡು ಅತ್ತಳು. ನನಗೆ ತುಂಬಾ ಸಂಕಟವಾಯಿತು. ಅವಳು ಗೋಡೆ ಹತ್ತಿ ನಮ್ಮ ಸೀಬೆಕಾಯಿ ಕದಿಯುತ್ತಿದ್ದ ಕಾಲದಿಂದ ನೋಡಿದ್ದೇನೆ.

ದಾರಿ ತೋರಿಸಿದ್ದು ನನ್ನ ಹೆಂಡತಿ ಮಂಗಳಮ್ಮ, ತನಗೇ ಗೊತ್ತಿಲ್ಲದೆ. ಸಂಜೆ ಗೋಡೆಯಾಚೆ ನಿಂತು ನಾಜಿಮಾ ನಮ್ಮ ಫಾರಂ ತುಂಬಿಸಿಕೊಳ್ಳುತ್ತಿದ್ದಳು. "ನಮ್ದೇನೈತಮ್ಮ, ಏನೂ ಸುಡಾಕಿಲ್ಲ" ಎಂದಳು ಮಂಗಳಮ್ಮ. ಆಮೇಲೆ ದನಿ ತಗ್ಗಿಸಿ, "ಆ ಎದ್ರುಮನೆ ಸಿವರಾಜುನ್ ಮನೇಲಿ ನೋಡು. ನೀರೊಲೆಗೆ ದಿನಾ ಐದು ತೆಂಗಿನ್ಮಟ್ಟೆ, ಒಂದ್ ತಕ್ಕೆ ಜಾಲಿ ಸೌದೆ. ಭಾನ್ವಾರ ನೆಂಟ್ರು ಬಂದ್ರೆ ಎಲ್ಡು ತಕ್ಕೆ. ಅತ್ಸೋಕೆ ಹಾಲಿನ್ ಕವರು" ಎಂದು ಒಪ್ಪಿಸಿದಳು. ನಾಜಿಮಾಳ ಪೆನ್ನು ಅಲ್ಲೇ ನಿಂತಿತು. ಕಣ್ಣಲ್ಲಿ ಮಾತ್ರ ಹಳೆಯ ಸೀಬೆಕಾಯಿ ಕಳ್ಳಿ ಕಾಣಿಸಿದಳು.

ಮರುದಿನ ಫಾರಂನ ತಲೆಯ ಮೇಲೆ ನಾಜಿಮಾ ತಾನೇ ಒಂದು ಹೊಸ ನಿಯಮ ಬರೆದಳು. ಯಾರೂ ತಮ್ಮ ಲೆಕ್ಕ ತಾವು ಹೇಳುವ ಹಾಗಿಲ್ಲ, ಪಕ್ಕದವರದ್ದು ಹೇಳಬೇಕು. ಎಡಗಡೆಯವರನ್ನೂ ಬಲಗಡೆಯವರನ್ನೂ ಕೇಳಿ, ಎರಡರಲ್ಲಿ ಕಡಿಮೆ ಇದ್ದದ್ದನ್ನು ಅವಳು ಬರೆದುಕೊಳ್ಳುತ್ತಾಳೆ. ಅಲ್ಲಿಯವರೆಗೆ ಬಾಗಿಲು ಹಾಕಿಕೊಳ್ಳುತ್ತಿದ್ದ ಜನ ಈಗ ಕುರ್ಚಿ ತಂದು ಹಾಕಿದರು, ಕಾಫಿ ಕೊಟ್ಟರು. ಬಿಟ್ಟುಹೋದದ್ದು ನೆನಪಾದರೆ ಆಫೀಸಿಗೇ ಬಂದು ಸೇರಿಸಿ ಹೋದರು. ಎರಡು ತಿಂಗಳಲ್ಲಿ ಆಗದ ಕೆಲಸ ಒಂಬತ್ತು ದಿನದಲ್ಲಿ ಮುಗಿಯಿತು.

ಫೈಲು ಸಹಿಗೆ ಹೋಯಿತು. ನಾನೂ ಜೊತೆಗೆ ಹೋದೆ, ಧೈರ್ಯಕ್ಕೆ. ಸಾಹೇಬರು ಒಂದು ಪುಟದ ಮೇಲೆ ಬೆರಳಿಟ್ಟರು. ಪುರಸಭೆಯ ಕಸದ ಗುಡ್ಡೆ, ವಾರಕ್ಕೆ ಮೂರು ಸಲ ಬೆಂಕಿ.

"ಇಲ್ಲಿ ಸೊನ್ನೆ ಅಂತ ಆಗ್ಲೇ ಬರೆದುಕೊಟ್ಟಿದ್ನಲ್ಲಮ್ಮ. ಹೊಡೆದು ಹಾಕಿದ್ದು ಯಾರು?"

"ನಮ್ಮದನ್ನ ನಾವೇ ಹೇಳೋ ಹಾಗಿಲ್ಲ ಸಾರ್. ಗುಡ್ಡೆ ಪಕ್ಕದಲ್ಲಿರೋದು ಕರಿಯಪ್ಪ, ಅವರು ಹೇಳಿದ್ದು. ಕರಿಯಪ್ಪನದ್ದನ್ನ ಗುಡ್ಡೆ ಕಡೆಯಿಂದ ನೀವು ಹೇಳಿದ್ರಿ, ಎರಡು ಪುಟ ಆಗಿದೆ."

ಸಾಹೇಬರು ಹಾಳೆ ಮಗುಚುತ್ತಾ ಹೋದರು. ಆಮೇಲೆ ಒಂದು ಹಾಳೆ ಎಳೆದು ಮುಂದಿಟ್ಟರು. "ಅಕ್ರಂ ಪಾಷಾ, ಪಂಕ್ಚರ್ ಅಂಗಡಿ. ಸೊನ್ನೆ. ಇದನ್ನ ಯಾವ ಪಕ್ಕದೋರು ಹೇಳಿದ್ರು?"

ನಾಜಿಮಾ ತಲೆ ತಗ್ಗಿಸಿದಳು. ಅದು ಅವಳದೇ ಅಕ್ಷರ. ಸಾಹೇಬರು ನನ್ನ ಕಡೆ ತಿರುಗಿದರು. "ಗೋಡೆ ಪಕ್ಕದೋನು ನೀನಲ್ವೇನಯ್ಯ ಕೆಂಪರಾಜು?"

ನಿಜ ಹೇಳಿದರೆ ಹುಡುಗಿ ಸಿಕ್ಕಿಬೀಳುತ್ತಾಳೆ. ಸುಳ್ಳು ಹೇಳಿದರೆ ಸಾಹೇಬರ ಸೊನ್ನೆಯೂ ನಿಲ್ಲುತ್ತದೆ, ಲೆಕ್ಕ ಮತ್ತೆ ವಾಪಸ್ ಬರುತ್ತದೆ, ಅಲ್ಲಿಗೆ ಇವಳ ಕೆಲಸ ಮುಗಿಯಿತು. ಅವಳೇ ಮೆಲ್ಲಗೆ, "ಹೇಳಿ ಅಣ್ಣ" ಅಂದಳು.

"ವಾರಕ್ಕೆ ನಾಕು ಹಳೇ ಟೈರು ಸುಡ್ತಾರೆ ಸಾರ್. ಒಳಗಿನ ತಂತಿ ತೆಗೆದು ಗುಜರಿಗೆ ಹಾಕೋಕೆ" ಅಂದೆ.

ನಾಜಿಮಾ ಪೆನ್ನು ತೆಗೆದು ಅಪ್ಪನ ಸೊನ್ನೆಯನ್ನು ಹೊಡೆದು ನಾಲ್ಕು ಎಂದು ಬರೆದಳು. ಆಮೇಲೆ ಅದೇ ಪೆನ್ನನ್ನು ಕಸದ ಗುಡ್ಡೆಯ ಹಾಳೆಯ ಮೇಲಿಟ್ಟು ಸಾಹೇಬರ ಕಡೆ ಸರಿಸಿದಳು. ಅವರು ಮೂರನ್ನು ಮೂರಾಗಿಯೇ ಬಿಟ್ಟು ಸಹಿ ಮಾಡಿದರು.

ಲೆಕ್ಕ ಒಪ್ಪಿಗೆಯಾಯಿತು. ನಾಜಿಮಾ ಇನ್ನೊಂದು ವರ್ಷ ನನ್ನ ಪಕ್ಕದ ಮೇಜಿನಲ್ಲಿದ್ದಾಳೆ. ಅಕ್ರಂ ಪಾಷಾ ಮಾತ್ರ ಹದಿನೈದು ದಿನ ನನ್ನ ಮುಖ ನೋಡಲಿಲ್ಲ. ಟೈರು ಸುಡುವುದನ್ನೂ ನಿಲ್ಲಿಸಿದರು, ಇಡಿ ಇಡಿಯಾಗಿಯೇ ಗುಜರಿಗೆ ಹಾಕುತ್ತಿದ್ದಾರೆ. ಹೊಗೆ ಹೋಯಿತಲ್ಲ ಎಂದು ನಾನೂ ಒಳಗೊಳಗೇ ಖುಷಿಪಟ್ಟೆ.

ಹದಿನಾರನೇ ದಿನ ಬೆಳಿಗ್ಗೆ ಸ್ನಾನಕ್ಕೆಂದು ನಮ್ಮ ನೀರೊಲೆ ಹಚ್ಚಿ ಊದುತ್ತಾ ಕೂತಿದ್ದೆ. ತಲೆ ಎತ್ತಿ ನೋಡಿದರೆ ಗೋಡೆಯಾಚೆ ಪಾಷಾ ಭಾಯಿ, ಟೈರಿನ ಮೇಲೆ ಟೈರು ಪೇರಿಸಿ ಆರಾಮಾಗಿ ಕೂತಿದ್ದಾರೆ. ತೊಡೆಯ ಮೇಲೆ ಮುಂದಿನ ವರ್ಷದ ಖಾಲಿ ಫಾರಂ, ಕೈಯಲ್ಲಿ ಪೆನ್ಸಿಲ್ಲು.

"ಕೆಂಪರಾಜು" ಅಂದರು, ಮುನಿಸಿಕೊಂಡ ಮೇಲೆ ಆಡಿದ ಮೊದಲ ಮಾತು. "ಈಗ ಆಕಿದ್ದು ಮೂರು ಮಟ್ಟೇನೋ, ನಾಕೋ? ಒಗೇಲಿ ಸರ್ಯಾಗಿ ಕಾಣ್ಲಿಲ್ಲ."