ಹಳೆ ಅಕ್ಕಿಯ ವಾಸನೆ

ನನ್ನ ಮೂಗು ಕೆಲಸ ಬಿಟ್ಟಿದೆ ಎಂದು ಗೊತ್ತಾದದ್ದು ಬಳ್ಳಾರಿಯಲ್ಲಿ, ಮಗಳ ಮನೆಯಲ್ಲಿ. ಜ್ವರ ಬಿಟ್ಟು ನಾಲ್ಕು ದಿನವಾಗಿತ್ತು. ಅಡುಗೆ ಮನೆಯ ಬಾಗಿಲಲ್ಲಿ ಒಲೆಗೆ ಬೆನ್ನು ಮಾಡಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಮಗಳು ಬೇಳೆ ಇಟ್ಟು ಮುಂದಿನ ಕೋಣೆಯಲ್ಲಿ ಮಶೀನಿಗೆ ಕೂತಿದ್ದಳು. ಅವರದು ಜೀನ್ಸ್ ಪ್ಯಾಂಟು ಹೊಲಿಯುವ ಮನೆ. ಕೂತಲ್ಲಿ ನಿಂತಲ್ಲಿ ನೀಲಿ ಬಟ್ಟೆ. ಆಕೆ ಒಮ್ಮೆಲೆ ಎದ್ದು ಓಡಿ ಬಂದು ಗ್ಯಾಸು ಆರಿಸಿದಳು. ಬೇಳೆ ಪಾತ್ರೆಯ ತಳಕ್ಕೆ ಕರ್ರಗೆ ಅಂಟಿತ್ತು.

"ಯವ್ವಾ, ಒಲಿ ಬಾಜೂಕ ಕುಂತೀದಿ, ಹೊತ್ತಿದ ವಾಸನಿ ಬರಲಿಲ್ಲೇನ? ಓಣಿ ತುಂಬ ನಾರಾಕತ್ತೇತಿ!"

"ಬಂತು. ನೀ ಎದ್ದು ಬರ್ತಿ ಅಂತ ಸುಮ್ಮಕಿದ್ದೆ."

"ಎದ್ದು ಬರ್ತಿ ಅಂತ! ಕೈ ಚಾಚಿದ್ರ ಸಿಗ್ತಿತ್ತಲ್ಲಬೇ ಒಲಿ ಕಿವಿ. ತಿರುವಾಕ ಏನಾಗಿತ್ತು?"

ಸುಳ್ಳು ಹೇಳಿದೆ. ಯಾಕೆ ಹೇಳಿದೆನೋ ಆಗ ಗೊತ್ತಿರಲಿಲ್ಲ. ಕೈಯಲ್ಲಿದ್ದ ಬೆಳ್ಳುಳ್ಳಿ ಎಸಳನ್ನು ಹಲ್ಲಿನ ನಡುವೆ ಜಜ್ಜಿ ಮೂಗಿಗೆ ಹಿಡಿದೆ. ಕಣ್ಣು ಚುರುಗುಟ್ಟಿತು. ವಾಸನೆ ಇಲ್ಲ. ಇಂಗಿನ ಡಬ್ಬಿ ತೆಗೆದೆ, ಇಲ್ಲ. ದೇವರ ಗೂಡಿನ ಕರ್ಪೂರ, ಅಳಿಯನ ಬೀಡಿ, ಹೊಸ ಜೀನ್ಸ್ ಬಟ್ಟೆಯ ಬಣ್ಣ, ಯಾವುದೂ ಇಲ್ಲ. ಆ ಬಣ್ಣದ ನಾತಕ್ಕೆ ನಾನು ಮಗಳ ಮನೆಗೆ ಬಂದಾಗಲೆಲ್ಲ ಸೆರಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಬಟ್ಟೆಯ ರಾಶಿಯ ಮೇಲೇ ಮಲಗಿದೆ. ಏನೂ ಅನಿಸಲಿಲ್ಲ.

ಡಾಕ್ಟರಿಗೆ ಮಾತ್ರ ಹೇಳಿದೆ, ಮಗಳು ಔಷಧಿ ತರಲು ಹೊರಗೆ ಹೋದಾಗ. "ಬರಬಹುದು, ಬರದೆಯೂ ಇರಬಹುದು, ವಯಸ್ಸಾಗಿದೆಯಲ್ಲ" ಎಂದರು. ವಯಸ್ಸಾಗಿದೆ ಎಂದು ಹೇಳಿಸಿಕೊಳ್ಳಲು ಅಲ್ಲಿಗೆ ಹೋಗಬೇಕಿತ್ತೇ.

ಆ ಒಂದು ತಿಂಗಳು ಮಗಳ ಮನೆಯಲ್ಲಿ ತಿಂದದ್ದು ಉಪ್ಪು, ಹುಳಿ, ಖಾರ, ಅಷ್ಟೆ. ಬಳ್ಳಾರಿಯ ಜನ ಬೆಳಿಗ್ಗೆ ಎದ್ದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಬೇಸಿಗೆಯಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಹತ್ತುವ ಬಿಸಿಲಲ್ಲೂ ಬಾಂಡ್ಲಿಯ ಸುತ್ತ ನಿಂತು ಬೆವರು ಒರೆಸಿಕೊಳ್ಳುತ್ತ ಮಿರ್ಚಿ ಕಚ್ಚುತ್ತಾರೆ, ಮೇಲೆ ಬಿಸಿ ಚಹಾ ಕುಡಿಯುತ್ತಾರೆ. ಜಗಳ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ನನಗೂ ಮಿರ್ಚಿ ಎಂದರೆ ಜೀವ. ಅಳಿಯ ದಿನಾ ತಂದು ಕೊಡುತ್ತಿದ್ದ. ಹಿಟ್ಟು ಒದ್ದೆ ಬಟ್ಟೆಯ ಹಾಗೆ ಹಲ್ಲಿಗೆ ಸಿಗುತ್ತಿತ್ತು, ಆಮೇಲೆ ನಾಲಿಗೆ ಉರಿಯುತ್ತಿತ್ತು. "ಹ್ಯಾಂಗೈತಿ ಅತ್ತಿ?" ಎಂದು ಕೇಳುತ್ತಿದ್ದ. "ಚಲೋ ಐತಿ" ಎನ್ನುತ್ತಿದ್ದೆ. ಎರಡು ತಿನ್ನುತ್ತಿದ್ದೆ. ಬಿಟ್ಟರೆ ಕೇಳುತ್ತಾರೆ.

ಮಿರ್ಚಿಯ ವಾಸನೆ ಹೋದರೆ ಹೋಗಲಿ. ನನ್ನ ಚಿಂತೆ ಬೇರೆ ಇತ್ತು. ಕುರುಗೋಡಿನ ನಮ್ಮ ಮನೆಯಲ್ಲಿ ನನ್ನ ಕೈಯಲ್ಲಿ ಉಳಿದಿದ್ದದ್ದು ಒಂದೇ ಕೆಲಸ, ಅಕ್ಕಿ ಚೀಲ ಬಿಚ್ಚುವುದು. ಅದು ಮೂಗಿನ ಕೆಲಸ.

ನಾನು ಹುಟ್ಟಿದ್ದು ದೇಶನೂರಿನಲ್ಲಿ. ಸಿರುಗುಪ್ಪದ ಕಡೆ ಕಾಲುವೆ ನೀರು, ಎತ್ತ ನೋಡಿದರೂ ಬತ್ತದ ಗದ್ದೆ. ನಮ್ಮ ಕಡೆಯವರಿಗೆ ಒಂದು ಚಟ. ಯಾರ ಮನೆಯಲ್ಲಿ ಊಟಕ್ಕೆ ಕೂತರೂ ತುತ್ತು ಎತ್ತುವ ಮೊದಲು ಅನ್ನದ ಒಂದು ಅಗುಳು ತೆಗೆದು ಎರಡು ಬೆರಳಲ್ಲಿ ಒತ್ತಿ ನೋಡುತ್ತೇವೆ. ಜಾರಿದರೆ ಹಳೆ ಅಕ್ಕಿ, ಅಂಟಿದರೆ ಹೊಸದು. ಮದುವೆ ಮನೆಯಾಗಲಿ, ಸಾವಿನ ಮನೆಯಾಗಲಿ, ಬೆರಳು ತಾನೇ ಹೋಗುತ್ತದೆ. ವರ್ಷ ತುಂಬದ ಅಕ್ಕಿ ನೆಂಟರಿಗೆ ಬಡಿಸಿದರೆ ಬಡಿಸಿದವರಿಗೆ ಮರ್ಯಾದೆ ತಿಳಿಯದು ಎಂದೇ ಲೆಕ್ಕ.

ಕುರುಗೋಡಿಗೆ ಸೊಸೆಯಾಗಿ ಬಂದ ಮೊದಲ ದಿನ ಊಟಕ್ಕೆ ಕೂತಾಗಲೂ ನನ್ನ ಬೆರಳು ಹೋಯಿತು. ಕುರುಗೋಡಿನವರು ರೊಟ್ಟಿಯ ಜನ, ಅನ್ನ ಹಬ್ಬಕ್ಕೆ. ಅತ್ತೆ ನೋಡುತ್ತಿದ್ದಳು.

"ಏನ್ ಹುಡುಕ್ತೀದಿ? ಕಲ್ಲಿಲ್ಲ, ಉಣ್ಣು."

"ಅಕ್ಕಿ ಈ ವರ್ಷದ್ದು" ಎಂದೆ. ಹದಿನೇಳರ ಹುಡುಗಿ, ಬಾಯಿ ಮುಚ್ಚಿಕೊಂಡಿರಬಹುದಿತ್ತು.

ಅತ್ತೆ ಬೈಯಲಿಲ್ಲ. ಊಟವಾದ ಮೇಲೆ ರಟ್ಟೆ ಹಿಡಿದು ಒಳಗಿನ ಕೋಣೆಗೆ ಎಳೆದುಕೊಂಡು ಹೋದಳು. ಮೂರು ಚೀಲ ಇದ್ದವು. "ಇದರಾಗ ಹಳೀದು ಯಾವುದು, ತೋರಿಸು ನೋಡೋಣ" ಎಂದಳು. ನಾನು ಚೀಲಗಳಲ್ಲಿ ಕೈ ಇಳಿಸಿ, ಹಿಡಿ ತೆಗೆದು ಮೂಗಿಗೆ ಹಿಡಿದೆ. ಹೊಸ ಅಕ್ಕಿಗೆ ಹಸಿ ಹಾಲಿನ ಹಾಗೆ ಸಿಹಿ ವಾಸನೆ ಇರುತ್ತದೆ. ಹಳೆಯದಕ್ಕೆ ಒಣ ಮಣ್ಣು, ಒಣ ಬೇವಿನ ಎಲೆ, ಮುಚ್ಚಿಟ್ಟ ಪೆಟ್ಟಿಗೆ, ಎಲ್ಲ ಸೇರಿದ ವಾಸನೆ. ನನಗೆ ಲೋಕದಲ್ಲಿ ಅದಕ್ಕಿಂತ ಹೆಚ್ಚಿನ ವಾಸನೆ ಇಲ್ಲ. ಮಲ್ಲಿಗೆ ಕೊಟ್ಟರೆ ಮುಡಿಯುತ್ತೇನೆ, ಅಷ್ಟೆ. ಮೂಲೆಯ ಚೀಲ ತೋರಿಸಿದೆ. ಸರಿ ಇತ್ತು. ಅಂದಿನಿಂದ ಆ ಕೋಣೆ ನನ್ನದಾಯಿತು.

ಅತ್ತೆ ಹೋದಳು, ಗಂಡ ಹೋದ, ಸೊಸೆ ಬಂದಳು. ಬೀಗದ ಕೈ ಕೊಟ್ಟೆ, ಒಲೆ ಕೊಟ್ಟೆ, ಸಂತೆ ಕೊಟ್ಟೆ. ಅಕ್ಕಿ ಕೋಣೆ ಕೊಡಲಿಲ್ಲ. ಮಗ ಒಮ್ಮೆ ಚೀಲಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ವರ್ಷ ಬರೆಯಲು ಹೋದ. "ಬರಿಯೋದು ಅಂಗಡ್ಯಾಗ. ಈ ಮನಿಯಾಗ ಮೂಗು ಐತಿ" ಎಂದು ಪೆನ್ನು ಕಿತ್ತುಕೊಂಡೆ. ಆಮೇಲೆ ಯಾರೂ ಬರೆಯಲಿಲ್ಲ.

ನಾನು ಬಳ್ಳಾರಿಯಲ್ಲಿ ಮಲಗಿದ್ದಾಗಲೇ ಮಿಲ್ಲಿನಿಂದ ಹೊಸ ಅಕ್ಕಿ ಬಂದಿತ್ತು. ಹಮಾಲರು ಹಳೆ ಚೀಲಗಳನ್ನು ಎಳೆದು, ಹೊಸದನ್ನು ಸೇರಿಸಿ, ಜಾಗ ಸಿಕ್ಕಲ್ಲಿ ಒಟ್ಟಿ ಹೋಗಿದ್ದರು. ಮಗ ನೋಡಲಿಲ್ಲ. ಅವ್ವ ಬರುತ್ತಾಳೆ, ಮೂಸುತ್ತಾಳೆ ಎಂದು ಬಿಟ್ಟಿದ್ದ.

ನಾನು ಊರಿಗೆ ಬಂದ ವಾರಕ್ಕೆ ಮಗನ ಮಗಳ ಮದುವೆ ಗೊತ್ತು ಮಾಡಲು ತೆಕ್ಕಲಕೋಟೆಯವರು ಬರುವುದಿತ್ತು. ಮಾತೆಲ್ಲ ಮುಗಿದಿತ್ತು, ಊಟ ಮಾಡಿ ಎಲೆ ಅಡಿಕೆ ಹಿಡಿಯುವುದು ಮಾತ್ರ ಬಾಕಿ. ತೆಕ್ಕಲಕೋಟೆ ಎಂದರೆ ನನ್ನ ತವರಿನ ಕಡೆ. ಬತ್ತದ ಜನ. ಬೆರಳು ಇಟ್ಟುಕೊಂಡೇ ಬರುವವರು.

ಬೆಳಿಗ್ಗೆ ಸೊಸೆ ಮೊರ ಹಿಡಿದು ನಿಂತಳು. "ಯಾವ ಚೀಲ ಬಿಚ್ಚೋಣ್ರಿ ಅತ್ತಿ?"

ಕೋಣೆಗೆ ಹೋದೆ. ಎಂಟು ಚೀಲ, ಎಲ್ಲ ಒಂದೇ ಬಣ್ಣ. ಒಂದೊಂದಕ್ಕೂ ಕೈ ಹಾಕಿ ಹಿಡಿ ತೆಗೆದು ಮೂಗಿಗೆ ಹಿಡಿದೆ. ಗಾಳಿ ಬಂತು, ಹೋಯಿತು. ಹಲ್ಲಲ್ಲಿ ಕಚ್ಚಿ ನೋಡುವವರಿದ್ದಾರೆ, ಹಳೆ ಅಕ್ಕಿ ಟಕ್ಕೆಂದು ಮುರಿಯುತ್ತದೆ. ನನ್ನವು ಕಟ್ಟಿಸಿದ ಹಲ್ಲು, ಬೆಳ್ಳುಳ್ಳಿಗೆ ಸಾಕು, ಅಕ್ಕಿ ಕಾಳಿಗೆ ಜಾರುತ್ತವೆ. ಬಣ್ಣ ನೋಡೋಣವೆಂದರೆ ಕೋಣೆಯಲ್ಲಿ ಬೆಳಕಿಲ್ಲ, ಪೊರೆ ತೆಗೆದ ಕಣ್ಣಿಗೆ ಎಲ್ಲವೂ ಬೆಳ್ಳಗೆ ಕಾಣುತ್ತಿತ್ತು. ಸೊಸೆ ಬಾಗಿಲಲ್ಲೇ ಇದ್ದಳು. ಮೂಗಿಲ್ಲ ಎಂದು ಹೇಳಲು ಎರಡೇ ಮಾತು ಸಾಕು. ಹೇಳಿದರೆ ನಾಳೆಯಿಂದ ಜಗುಲಿಯ ಮೇಲೆ ಕೂತು ಉಣ್ಣುವ ಮುದುಕಿ, ಅಷ್ಟೇ ನಾನು.

"ಇದು" ಎಂದು ಗೋಡೆ ಬದಿಯ ಚೀಲ ತೋರಿಸಿದೆ.

ಆಕೆ ಚೀಲದ ಕಡೆ ನೋಡಿದಳು. "ಇದಾ?"

"ಕಿವಿ ಕೇಳ್ಸಂಗಿಲ್ಲೇನ?"

ತೆಕ್ಕಲಕೋಟೆಯವರು ಹನ್ನೊಂದಕ್ಕೆ ಬರಬೇಕಿತ್ತು, ಒಂದಕ್ಕೆ ಬಂದರು. ಕುರುಗೋಡಿನಲ್ಲಿ ದಾರಿ ಕೇಳಿದರೆ "ಹಿಂಗ ಗುಡ್ಡದ ಕಡಿ ಹೋಗ್ರಿ" ಎನ್ನುತ್ತಾರೆ. ನಮ್ಮ ಊರಿಗೆ ನಾಲ್ಕೂ ಕಡೆ ಗುಡ್ಡ. ಪಾಪ, ಎರಡು ಸುತ್ತು ಹಾಕಿದ್ದರು. ಹಸಿದು ಬಂದವರು ನೇರ ಊಟಕ್ಕೆ ಕೂತರು. ಹುಡುಗನ ಅಜ್ಜಿ ನನ್ನ ಪಕ್ಕದಲ್ಲಿ ಕೂತಳು. ನನ್ನ ವಾರಿಗೆಯವಳೇ, ದಪ್ಪ ಮೂಗುತಿ, ಹಣೆಯ ತುಂಬ ವಿಭೂತಿ. ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಮುಗಿಯಿತು. ಅನ್ನ ಬಂತು.

ಸೌಟಿನಿಂದ ಬೀಳುವಾಗಲೇ ನೋಡಿದೆ. ಅನ್ನ ಉದುರಲಿಲ್ಲ, ಮುದ್ದೆಯಾಗಿ ಕೆಳಗಿಳಿಯಿತು. ಹಳೆ ಅಕ್ಕಿ ನೀರು ಹೆಚ್ಚು ಕುಡಿಯುತ್ತದೆ. ಒಂದಕ್ಕೆ ಎರಡೂವರೆ ಹಾಕುತ್ತೇವೆ. ಆ ಲೆಕ್ಕದ ನೀರಿಗೆ ಹೊಸ ಅಕ್ಕಿ ಬಿದ್ದಿತ್ತು.

ಪಂಕ್ತಿಯಲ್ಲಿ ಎಂಟು ಜನ ಒಟ್ಟಿಗೆ ಅಗುಳು ಒತ್ತಿದರು. ಎಲ್ಲರ ಬೆರಳಿಗೂ ಅಂಟಿತು. ಅಜ್ಜಿ ಮಾತ್ರ ಅಂಟಿದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು.

"ಏನಬೇ, ದೇಶನೂರಾಕಿ ಅಂತಾರ ನಿನ್ನ. ಇದು ಈ ವರ್ಷದ್ದಲ್ಲೇನ?"

ನಾನು ಬಾಯಿ ತೆರೆಯುವ ಮೊದಲೇ ಸೊಸೆ ಸೌಟು ಹಿಡಿದುಕೊಂಡೇ ಹೇಳಿದಳು: "ನಂದ ತಪ್ಪುರಿ. ಅತ್ತಿ ಬ್ಯಾರೆ ಚೀಲ ತೋರಿಸಿದ್ರು, ಗಡಿಬಿಡ್ಯಾಗ ನಾನ ಇದನ್ನ ಬಿಚ್ಚಿದೆ."

ಮಗ ಆಕೆಯನ್ನು ನೋಡಿದ, ಬೈಯುವ ನೋಟ. ಆಕೆ ತಲೆ ತಗ್ಗಿಸಿ ನಿಂತಳು. ಇಪ್ಪತ್ತೈದು ವರ್ಷದಲ್ಲಿ ನಾನು ಆಕೆಗೆ ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ. ಸುಮ್ಮನಿದ್ದರೆ ಕೋಣೆ ನನ್ನದೇ ಉಳಿಯುತ್ತಿತ್ತು. ಅಜ್ಜಿ ಆಗಲೇ "ಹೋಗ್ಲಿ ಬಿಡು, ಸಣ್ಣಾಕಿ" ಎಂದು ಸಾರು ಕಲಸುತ್ತಿದ್ದಳು.

"ಆಕಿ ಸುಳ್ಳು ಹೇಳಾಕತ್ತಾಳ" ಎಂದೆ. "ಚೀಲ ತೋರಿಸಿದಾಕಿ ನಾನ. ಜ್ವರ ಬಂದಾಗಿಂದ ನನಗ ವಾಸನಿ ಬರಂಗಿಲ್ಲ. ಯಾರಿಗೂ ಹೇಳಿದ್ದಿಲ್ಲ."

ಎಲ್ಲರ ಕೈ ನಿಂತವು. ಮಗ "ಯವ್ವಾ" ಎಂದ. ನನಗೆ ಅಳು ಬರಬೇಕಿತ್ತೇನೋ. ಬರಲಿಲ್ಲ. ನಾಚಿಕೆಯೂ ಇಲ್ಲ. ಹಲ್ಲು ಕೀಳುವಾಗ ಸೂಜಿ ಹಾಕಿದ ಒಸಡಿನ ಹಾಗೆ ಇತ್ತು, ಏನೋ ಎಳೆದದ್ದು ಗೊತ್ತಾಗುತ್ತದೆ, ನೋವಿಲ್ಲ.

ಅಜ್ಜಿ ನನ್ನ ಕಡೆ ಬಾಗಿದಳು. "ಒಟ್ಟ ಬರಂಗಿಲ್ಲೇನ?"

"ಒಟ್ಟ ಇಲ್ಲ."

"ಈ ಬದನಿಕಾಯಿದು?"

"ಇಲ್ಲ."

"ಚಲೋ ಆತು ಬಿಡು. ತಳ ಹತ್ತೇತಿ. ಪುಣ್ಯಾತ್ಗಿತ್ತಿ, ನೀ ಒಬ್ಬಾಕಿನ ಸುಖಾಗಿ ಉಂಡಿ."

ಪಂಕ್ತಿಯಲ್ಲೆಲ್ಲ ನಕ್ಕರು. ಸೊಸೆಯೂ ಸೌಟು ಅಡ್ಡ ಹಿಡಿದು ನಕ್ಕಳು. ಅಜ್ಜಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. "ಮುದ್ದಿ ಆದ್ರೇನು, ಹಲ್ಲಿಲ್ಲದಾಕಿಗೆ ಇದ ಚಲೋ" ಎಂದಳು. ಎಲೆ ಅಡಿಕೆ ಹಿಡಿದು ನಾಲ್ಕರ ಹೊತ್ತಿಗೆ ಹೊರಟರು.

ಅವರು ಹೋದ ಮೇಲೆ ಸೊಸೆಯನ್ನು ಕೇಳಿದೆ, "ಅಕ್ಕಿ ತೊಳಿವಾಗ ಗೊತ್ತಾಗಲಿಲ್ಲೇನ ನಿನಗ? ನೀರು ಹಾಲಿನಂಗ ಆಗಿರಬೇಕಲ್ಲ."

"ಗೊತ್ತಾತು."

"ಮತ್ತ ನೀರಾದ್ರೂ ಕಡಿಮಿ ಹಾಕಬೇಕಿಲ್ಲೋ?"

"ನೀವು ಹಳೀದು ಅಂದ್ರಿ. ಹಳೀ ಅಕ್ಕಿ ನೀರು ಹಾಕಿದೆ." ಆಕೆ ಪಾತ್ರೆ ತಿಕ್ಕುತ್ತಲೇ ಇದ್ದಳು. "ಹೊಸಾದು ಅಂದಿದ್ರ ಕೇಳ್ತಿದ್ರೇನು ನೀವು?"

ಕೇಳುತ್ತಿರಲಿಲ್ಲ. ಒದ್ದೆ ಪಾತ್ರೆ ಒರೆಸಿ ಬೋರಲು ಹಾಕಿದೆ.

ಮರುದಿನ ಆಕೆ ಬಾಗಿಲು ಪೂರ್ತಿ ತೆರೆದು, ಬಲ್ಬು ತಂದು ಹಾಕಿ, ಚೀಲಗಳನ್ನು ಬೇರೆ ಮಾಡಿದಳು. ಮೂಸಲಿಲ್ಲ. ಒಂದೊಂದು ಕಾಳು ಹಲ್ಲಿನ ನಡುವೆ ಇಟ್ಟು ಕಚ್ಚಿದಳು; ಬಾಗಿಲಲ್ಲಿ ಕೂತಿದ್ದ ನನಗೂ ಟಕ್ಕೆನ್ನುವುದು ಕೇಳಿಸಿತು. ಐದು ಹಳೆಯವು, ಮೂರು ಹೊಸವು. ಎಂಟರಲ್ಲಿ ಐದು ಹಳೆಯವಿದ್ದಾಗ ನಾನು ಹೊಸದನ್ನೇ ತೋರಿಸಿದ್ದೆ.

ಈಗ ಎರಡು ಸುಗ್ಗಿ ಕಳೆದವು. ಮೂಗು ಬಂದಿಲ್ಲ. ಬಾದನಹಟ್ಟಿಯ ನಮ್ಮ ಹೊಲಕ್ಕೆ ಮಗ ಕರೆದುಕೊಂಡು ಹೋಗುತ್ತಾನೆ. ಕಾಲುವೆಗೆ ನೀರು ಬಿಟ್ಟಾಗ ಕೆಸರು ಕಣ್ಣಿಗೆ ಕಾಣುತ್ತದೆ, ಕಾಲಿಗೆ ತಣ್ಣಗೆ ಹತ್ತುತ್ತದೆ. ಅಷ್ಟರಲ್ಲೇ ಬದುಕು ನಡೆಯುತ್ತದೆ.

ಹೋದ ವಾರ ಮೇಲಿನ ಓಣಿಯವಳೊಬ್ಬಳು ಸೆರಗಿನಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿಕೊಂಡು ಬಂದಳು. ಮನೆಯಲ್ಲಿ ಕೂಸಿನ ತೊಟ್ಟಿಲ ಶಾಸ್ತ್ರವಂತೆ. ನಾನು ಜಗುಲಿಯ ಮೇಲೆ ಜೋಳ ಹಸನು ಮಾಡುತ್ತಿದ್ದೆ.

"ಇದು ಹಳೀದಾ ನೋಡಬೇ, ನೆಂಟ್ರು ಬರ್ತಾರ" ಎಂದು ಗಂಟು ಬಿಚ್ಚಿ ನನ್ನ ಮುಂದೆ ಹಿಡಿದಳು.

"ಒಳಗ ಸೊಸಿ ಅದಾಳ. ಆಕಿಗೆ ತೋರಿಸು."

"ನೀನ ಒಮ್ಮಿ ಮೂಸಿ ಹೇಳಿಬಿಡು, ಆಕಿಗೇನ ಗೊತ್ತು?"

"ನನಗ ಗೊತ್ತಾಗಂಗಿಲ್ಲ. ಆಕಿಗೆ ಗೊತ್ತಾಗ್ತೈತಿ."

ಆಕೆ ನನ್ನ ಮುಖ ನೋಡಿ, ಸೆರಗು ಒಟ್ಟು ಮಾಡಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸೊಸೆಯ ದನಿ ಕೇಳಿಸಿತು: "ಇನ್ನ ಆರು ತಿಂಗಳು ಬೇಕು ಇದಕ್ಕ. ನಮ್ಮದು ಒಯ್ಯಿ."

ಎಷ್ಟು ಸೇರು ಕೊಡಲಿ ಎಂದು ಆಕೆ ನನ್ನನ್ನು ಕೇಳಲಿಲ್ಲ. ನಾನು ಮೊರ ತಟ್ಟಿ ಹೊಟ್ಟು ಹಾರಿಸಿದೆ.