ಕಲ್ಲು ಕಿತ್ತ ದಾರಿಯಲ್ಲಿ ಒಂದು ಲೋಟ ನೀರು

ಮಕ್ಕಳೇ, ಕೊಚ್ಚಿಯಿಂದ ತಿರುವನಂತಪುರಕ್ಕೆ ನಾನು ಎಷ್ಟು ಸಲ ಹೋಗಿದ್ದೇನೋ ನೆನಪಿಲ್ಲ. ಆದರೂ ಆ ದಾರಿ ಹೇಗಿದೆ ಎಂದು ಕೇಳಿದರೆ ಹೇಳಲಾರೆ. ನಾನು ನೋಡಿದ್ದು ಲೋಟವನ್ನು ಮಾತ್ರ.

ನಿಮ್ಮ ಅಜ್ಜ ಹೆದ್ದಾರಿ ಕಚೇರಿಯಲ್ಲಿ ಇಂಜಿನಿಯರ್. ರಸ್ತೆಯ ಕುಲುಕಾಟ ಅಳೆಯುವ ಯಂತ್ರ ಅವರ ಕೈಗೆ ಸಿಗುವಷ್ಟರಲ್ಲಿ ಮಳೆಗಾಲವೇ ಬಂದುಬಿಡುತ್ತಿತ್ತು. ಹಾಗಾಗಿ ತಿರುವನಂತಪುರದ ಕಚೇರಿಗೆ ಹೋಗುವಾಗಲೆಲ್ಲ ನಮ್ಮ ಹಳೆಯ ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು, ಮಡಿಲಲ್ಲಿ ಕಂಠದವರೆಗೆ ನೀರು ತುಂಬಿದ ಸ್ಟೀಲ್ ಲೋಟ ಇಡುತ್ತಿದ್ದರು. ನೀರು ಚೆಲ್ಲಿದ ಕೂಡಲೇ ನಾನು "ಹೋಯ್ತು" ಎನ್ನಬೇಕು. ಅವರು ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳುತ್ತಿದ್ದರು. ನಾನು ಊರಿನ ಶಾಲೆಯಲ್ಲಿ ಕಲಿತ ಕನ್ನಡ ಅಂಕೆಗಳಲ್ಲಿ ಅದನ್ನು ಪುಸ್ತಕದಲ್ಲಿ ಬರೆಯುತ್ತಿದ್ದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಸರ್ಕಾರಿ ಕೆಲಸ ಅದೊಂದೇ.

ಆ ಪಟ್ಟಿ ಹಿಡಿದು ಅವರು ದುರಸ್ತಿಗೆ ಹಣ ಕೇಳುತ್ತಿದ್ದರು. ಹೆಚ್ಚಿನ ಸಲ ಮುಖ ಸಣ್ಣ ಮಾಡಿಕೊಂಡೇ ಹೊರಗೆ ಬರುತ್ತಿದ್ದರು.

"ಹೊಸ ರಸ್ತೆಗೆ ದುಡ್ಡುಂಟು ಮಾರಾಯ್ತಿ, ಹಳೇದನ್ನು ನೋಡಿಕೊಳ್ಳುದಕ್ಕೆ ಇಲ್ಲ. ಗುಂಡಿ ಮುಚ್ಚಿದ್ದಕ್ಕೆ ಯಾರು ರಿಬ್ಬನ್ ಕತ್ತರಿಸ್ತಾರೆ?"

"ಪೆಟ್ರೋಲಿನ ಕ್ರಯದಲ್ಲೇ ರಸ್ತೆಯ ಪಾಲು ಉಂಟು ಅಂತ ನೀವೇ ಹೇಳಿದ್ದಲ್ವಾ? ಅದು ಎಲ್ಲಿ ಹೋಗ್ತದೆ?"

"ಅದು ಗೊತ್ತಿದ್ದಿದ್ರೆ ನಾನು ಮಂತ್ರಿ ಆಗ್ತಿದ್ದೆ. ನೀನು ಲೋಟ ನೋಡು."

ಅವರು ತೀರಿಕೊಂಡ ಮೂರನೆಯ ವರ್ಷ ನಿಮ್ಮ ಅಮ್ಮ ಏಳು ತಿಂಗಳ ಬಸುರಿ. ಹೊಟ್ಟೆಯಲ್ಲಿದ್ದದ್ದು ನಿಮ್ಮಲ್ಲಿ ದೊಡ್ಡವಳು. ಕೊಚ್ಚಿಯ ಪಕ್ಕದ ಕಳಮಶ್ಶೇರಿಯ ನನ್ನ ಮನೆಯಲ್ಲಿದ್ದಾಗಲೇ, ಮಾಸು ಗರ್ಭದ ಬಾಯಿಯ ಹತ್ತಿರ ಕೆಳಗಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಯಿತು. ತಿರುವನಂತಪುರದ ಉಳ್ಳೂರಿನಲ್ಲಿ ಮೊದಲಿನಿಂದ ನೋಡುತ್ತಿದ್ದ ಡಾಕ್ಟರಮ್ಮ ಫೋನಿನಲ್ಲಿ, ಬೇಗ ಬಂದು ಆಸ್ಪತ್ರೆಯ ಹತ್ತಿರವೇ ಇರಬೇಕು, ದಾರಿಯಲ್ಲಿ ಕುಲುಕಬಾರದು, ರಕ್ತ ಹೋದರೆ ಮಗು ಉಳಿಯುವುದು ಕಷ್ಟ ಎಂದರು. ರೈಲಿನಲ್ಲಿ ಜಾಗ ಸಿಗಲಿಲ್ಲ. ನಿಮ್ಮ ಅಪ್ಪ ಕಾರು ತೆಗೆದರು. ನಾನು ಹಳೆಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಎಲ್ಲೆಲ್ಲಿ ನಿಧಾನ ಮಾಡಬೇಕು ಎಂದು ಅದರಲ್ಲಿ ಇದೆಯಲ್ಲ ಎಂಬ ಧೈರ್ಯ.

ಕೊಚ್ಚಿ ದಾಟಿ, ಟೋಲ್ ಕಳೆದ ಸ್ವಲ್ಪ ಹೊತ್ತಿಗೆ ರಸ್ತೆಯನ್ನೇ ಅಗೆದು ಹಾಕಿದ್ದರು. ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳನ್ನೆಲ್ಲ ಕಿತ್ತು ಒಂದು ಮೂಲೆಯಲ್ಲಿ ರಾಶಿ ಹಾಕಿದ್ದರು. ಪುಸ್ತಕ ಬಿಡಿಸಿ ಕೂತ ನನಗೆ ನಾವು ಎಲ್ಲಿದ್ದೇವೆ ಎಂದೇ ತಿಳಿಯಲಿಲ್ಲ. ನಾನು ಯಾವತ್ತೂ ಕಣ್ಣೆತ್ತಿ ನೋಡಿದ ದಾರಿಯೇ ಅಲ್ಲವಲ್ಲ ಅದು.

"ಅಮ್ಮೇ, ಇನ್ನು ಎಲ್ಲಿ ನಿಧಾನ?" ಎಂದು ನಿಮ್ಮ ಅಪ್ಪ ಕೇಳಿದರು.

"ಇಲ್ಲಿ," ಎಂದೆ. ಅಲ್ಲಿ ಏನೂ ಇರಲಿಲ್ಲ. ನಾನು ಸುಮ್ಮನಿದ್ದ ಕಡೆ ಕಾರು ಗುಂಡಿಗೆ ಬಿತ್ತು. ನಿಮ್ಮ ಅಮ್ಮ ಹೊಟ್ಟೆ ಹಿಡಿದುಕೊಂಡು ತುಟಿ ಕಚ್ಚಿದಳು. ಮುಂದೆ ಇನ್ನೂ ದೊಡ್ಡ ಗುಂಡಿಗಳು. ಪಕ್ಕದಲ್ಲೇ ಮುಗಿದ ಹೊಸ ರಸ್ತೆ, ಕಪ್ಪಗೆ, ನುಣ್ಣಗೆ. ಅದರ ಬಾಯಿಗೆ ಡ್ರಮ್ಮುಗಳನ್ನು ಅಡ್ಡ ಇಟ್ಟಿದ್ದರು.

ಅಪರಿಚಿತ ಗಂಡಸರ ಹತ್ತಿರ ಮಾತಾಡಿದವಳಲ್ಲ ನಾನು. ಆದರೂ ಇಳಿದೆ. ಹೆಲ್ಮೆಟ್ ಹಾಕಿದ ಮೇಸ್ತ್ರಿಯ ಬಳಿ ಹೋಗಿ ನನ್ನ ಮುರುಕು ಮಲಯಾಳದಲ್ಲಿ ಕೇಳಿದೆ: "ಈ ಗುಂಡಿ ಯಾಕೆ ಮುಚ್ಚಿಲ್ಲ?"

"ಅದು ಹಳೇ ರಸ್ತೆ ಅಮ್ಮಚ್ಚೀ, ನಮ್ಮದಲ್ಲ. ಹಳೇ ಹೆದ್ದಾರಿ ಆಫೀಸಿನದ್ದು."

"ಅವರು ರಸ್ತೆ ನಿಮಗೆ ಬಿಟ್ಟುಕೊಟ್ಟಿದ್ದೇವೆ ಅಂತಾರಂತೆ, ಅಳಿಯ ಹೇಳಿದ್ರು."

"ನಮ್ಮ ಒಪ್ಪಂದ ಹೊಸ ರಸ್ತೆಗೆ."

"ಹೊಸದು ಮುಗಿದಿದೆಯಲ್ಲ, ಅದನ್ನಾದರೂ ಬಿಡಿ."

"ಉದ್ಘಾಟನೆ ಆಗಿಲ್ಲ. ಮಂತ್ರಿ ಬರಬೇಕು."

ಇರುವ ರಸ್ತೆ ಯಾರದ್ದೂ ಅಲ್ಲ, ಮುಗಿದ ರಸ್ತೆ ಇನ್ನೂ ರಸ್ತೆಯಲ್ಲ. "ಮಗಳು ಬಸುರಿ. ಕುಲುಕಬಾರದು," ಎಂದುಬಿಟ್ಟೆ. ಅವನು ಕಾರಿನೊಳಗೆ ಒಮ್ಮೆ ಬಗ್ಗಿ ನೋಡಿದ. ಹೋಗಿ ಒಂದು ಡ್ರಮ್ಮನ್ನು ಪಕ್ಕಕ್ಕೆ ಉರುಳಿಸಿದ.

"ಹೋಗಿ ಅಮ್ಮಚ್ಚೀ. ಯಾರಾದರೂ ಕೇಳಿದರೆ ನಾನೇ ಮಂತ್ರಿ ಅನ್ನಿ."

ಕಾರಿನಲ್ಲಿ ಕೂತು, ಯಾಕೋ, ಚೀಲದಲ್ಲಿದ್ದ ಲೋಟಕ್ಕೆ ಬಾಟಲಿಯಿಂದ ನೀರು ತುಂಬಿ ಮಡಿಲಲ್ಲಿಟ್ಟುಕೊಂಡೆ. ಆ ರಸ್ತೆಯಲ್ಲಿ ನೀರು ಅಲುಗಲಿಲ್ಲ. ನಿಮ್ಮ ಅಮ್ಮ ಲೋಟವನ್ನೇ ನೋಡುತ್ತಾ ನಿಧಾನಕ್ಕೆ ಉಸಿರುಬಿಟ್ಟಳು. ಹೊಸ ರಸ್ತೆ ಮುಗಿದು ಮತ್ತೆ ಹಳೆಯದಕ್ಕೆ ಇಳಿಯುವ ಕಡೆ ನಾನು "ನಿಧಾನ" ಎಂದೆ. ಆಮೇಲೆ ಉಳ್ಳೂರಿನವರೆಗೂ ನಿಮ್ಮ ಅಪ್ಪ ಲೋಟದ ಮಾತು ಕೇಳಿಯೇ ಕಾರು ಬಿಟ್ಟರು. ಚೆಲ್ಲಿದ್ದು ಒಂದೇ ಸಲ.

"ಹೋಯ್ತು," ಎಂದು ಪುಸ್ತಕ ತೆಗೆದು ಹೊಸ ಸಾಲಿನಲ್ಲಿ ತಾರೀಕು ಬರೆದೆ. ಯಾವ ಕಲ್ಲು ಎಂದು ಹೇಳಲು ನಿಮ್ಮ ಅಜ್ಜನೂ ಇರಲಿಲ್ಲ, ಕಲ್ಲೂ ಇರಲಿಲ್ಲ.

ಆರು ವಾರ ಕಳೆದು ನಮ್ಮ ದೊಡ್ಡವಳು ಹುಟ್ಟಿದಳು. ಹೊಟ್ಟೆಯಲ್ಲಿದ್ದುಕೊಂಡೇ ಅವಳು ಹೋದ ರಸ್ತೆ ಆ ದಿನ ಯಾರದ್ದಾಗಿತ್ತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಪುಸ್ತಕದ ಆ ಸಾಲಿನಲ್ಲಿ ಕಲ್ಲಿನ ಸಂಖ್ಯೆ ಬರೆಯುವ ಜಾಗ ಖಾಲಿ ಇದೆ.