ಈಚ್ ಅದರ್ ಕಲಿತ ಅಡುಗೆಮನೆ

ವೈಟ್‌ಬೋರ್ಡ್ ಮಾರ್ಕರಿನ ಮುಚ್ಚಳ ತೆಗೆದರೆ ಬರುವ ಆ ಘಾಟು ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಯಾರಾದರೂ ಬೋರ್ಡಿನ ಮೇಲೆ ಬರೆಯಲು ಎದ್ದರೆ ಸಾಕು, ನಾನು ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಹಳೆಯ ಅಡುಗೆಮನೆಯಲ್ಲಿರುತ್ತೇನೆ. ಒಲೆಯ ಮೇಲೆ ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಪುಟ್ಟ ಬೋರ್ಡಿನ ಮೇಲೆ ಅಪ್ಪನ ದುಂಡನೆಯ ಇಂಗ್ಲಿಷ್ ಅಕ್ಷರ. ಅವ್ವ ಧಾರವಾಡದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸಿದವಳು. ಇಲ್ಲಿ ಮತ್ತೆ ಪಾಠ ಹೇಳಬೇಕೆಂದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಅಪ್ಪ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಬಿಟ್ಟ ಸ್ಥಳವಿರುವ ಒಂದು ವಾಕ್ಯ ಬರೆದಿಟ್ಟು ಹೋಗುತ್ತಿದ್ದರು. ಅವ್ವ ರೊಟ್ಟಿ ಬಡಿಯುವ ನಡುವೆ ಕೈ ಒರೆಸಿಕೊಂಡು ಬಂದು ಅದನ್ನು ತುಂಬುತ್ತಿದ್ದಳು. ಸಂಜೆ ಅಪ್ಪ ಕೆಂಪು ಮಾರ್ಕರಿನಲ್ಲಿ ತಿದ್ದುತ್ತಿದ್ದರು.

ತಿದ್ದುವುದಷ್ಟೇ ಆಗಿದ್ದರೆ ಅವ್ವ ಸಹಿಸುತ್ತಿದ್ದಳು. ಊಟಕ್ಕೆ ಬಂದ ಹುಬ್ಬಳ್ಳಿಯ ಅಂಕಲ್, ಆಂಟಿಯ ಮುಂದೆ ಅವಳ ಇಂಗ್ಲಿಷನ್ನು ಅಪ್ಪ ಅಣಕಿಸಿ ತೋರಿಸಿದ ದಿನ ಅವಳು ಮಾತು ಬಿಟ್ಟಳು. ನಮ್ಮ ಕಡೆ ಗಂಡ ಹೆಂಡತಿ ಜಗಳಾಡಿ ಮಕ್ಕಳ ಬಾಯಿಂದ ಮಾತಾಡುವುದು ಹೊಸದೇನಲ್ಲ, ಒಂದೆರಡು ದಿನ ನಡೆದು ಮುಗಿಯುತ್ತದೆ. ನಮ್ಮನೆಯಲ್ಲಿ ಮುಗಿಯಲಿಲ್ಲ. "ನಿಮ್ಮಪ್ಪಾರಿಗೆ ಊಟಕ್ಕ ಬರ್ರಿ ಅಂತ ಹೇಳವಾ." "ನಿಮ್ಮವ್ವಗ ಹೇಳು, ನನಗ ಹಸಿವಿಲ್ಲ." ಒಂದೇ ಮೇಜಿನ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು, ನಡುವೆ ಪ್ರೈಮರಿ ಶಾಲೆಯ ನಾನು. ಇಂಥ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಬೋರ್ಡಿನ ಪಾಠ ನಿಲ್ಲಲಿಲ್ಲ, ಪಾಠದ ಇಂಗ್ಲಿಷ್ ಮಾತ್ರ ಇಬ್ಬರ ನಡುವೆ ನೇರವಾಗಿ ನಡೆಯುತ್ತಿತ್ತು. ಪಾಸಾದರೆ ನನ್ನನ್ನು ಕರೆದುಕೊಂಡು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಹೋಗಿಬಿಡುವುದಾಗಿ ಅವ್ವ ಹೇಳಿದ್ದಳು. ಆ ಸುದ್ದಿಯನ್ನೂ ಅಪ್ಪನಿಗೆ ನಾನೇ ಮುಟ್ಟಿಸಿದ್ದೆ. ಗೊತ್ತಿದ್ದೂ ಕಲಿಸಿದರು, ಅದು ಪ್ರೀತಿಯೋ ಹಟವೋ ನನಗೆ ಇನ್ನೂ ತಿಳಿದಿಲ್ಲ. ಅವ್ವ ಫೇಲಾಗಲಿ ಎಂದು ನಾನು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ.

ಪರೀಕ್ಷೆಯ ಹಿಂದಿನ ವಾರದ ಪಾಠ 'ಈಚ್ ಅದರ್', ಅಂದರೆ ಒಬ್ಬರಿಗೊಬ್ಬರು. ಅಪ್ಪ ಪರೀಕ್ಷಕರ ಹಾಗೆ ಎದುರು ಕೂತು, ನೀವೂ ನಿಮ್ಮ ಗಂಡನೂ ಒಬ್ಬರಿಗೊಬ್ಬರು ನೆರವಾಗುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವ್ವ ತಡವರಿಸಲಿಲ್ಲ. "ಯೆಸ್, ವಿ ಹೆಲ್ಪ್ ಈಚ್ ಅದರ್." ಅಪ್ಪನ ಮುಖ ಅರಳಿತು. ಆಗ ಅವಳು ನನ್ನ ಕಡೆ ತಿರುಗಿ, "ನಿಮ್ಮಪ್ಪಾರಿಗೆ ಹೇಳವಾ, ಇದು ಪರೀಕ್ಷಾದ ಉತ್ತರ, ಖರೇ ಅಲ್ಲ" ಅಂದಳು. ಎದುರಿಗೇ ಕೂತಿದ್ದ ಮನುಷ್ಯನಿಗೆ ನಾನು ಅದನ್ನೂ ಹೇಳಬೇಕಾಯಿತು. "ವಾಕ್ಯ ಬರೋಬ್ಬರಿ ಐತಿ ಅಂತ ಹೇಳು" ಎಂದು ಅಪ್ಪ ಎದ್ದು ಹೋದರು.

ಅವ್ವ ಪಾಸಾದಳು. ಆ ಮನೆ ಮಾರಿ ಎಷ್ಟೋ ಕಾಲವಾಯಿತು, ಅಪ್ಪನೂ ಈಗಿಲ್ಲ. ನಾನೂ ಅವ್ವನೂ ಮೆಲ್ಬರ್ನಿಗೆ ಹೊರಟ ದಿನ ಏರ್‌ಪೋರ್ಟಿನ ಬಾಗಿಲಲ್ಲಿ ಸೂಟ್‌ಕೇಸ್ ಇಳಿಸಿ ಅವರು ನನಗೆ ಹೇಳಿದರು, "ಮುಟ್ಟಿದ ಕೂಡ್ಲೆ ಫೋನ್ ಮಾಡಂತ ಹೇಳು ನಿಮ್ಮವ್ವಗ." ಅವ್ವ ಪಕ್ಕದಲ್ಲೇ ನಿಂತಿದ್ದಳು. ಹೇಳಿದೆ. ತಲೆಯಾಡಿಸಿದಳು. ಅವತ್ತು ನನ್ನದೂ ಒಂದು ಮಾತಿತ್ತು: ಯಾರೂ ಎಲ್ಲಿಗೂ ಹೋಗುವುದು ಬೇಡ, ಮೂವರೂ ಮನೆಗೆ ಹೋಗೋಣ ಎಂದು. ಆದರೆ ನಮ್ಮನೆಯಲ್ಲಿ ಮಾತು ದಾಟಿಸಲು ಇದ್ದವಳು ನಾನೊಬ್ಬಳೇ. ನನ್ನದನ್ನು ಯಾರ ಕೈಲಿ ಹೇಳಿಸಲಿ?